ಮೂಡಲ ದಿಕ್ಕಿನ ಶತ್ರು

ನಮ್ಮೂರು ಖಜೂರಿಯ ಮೇಲೆ ಇದುವರೆಗೆ ಯಾವ ದೇಶವೂ ವಿಮಾನ ದಾಳಿ ಮಾಡಿಲ್ಲ. ಮಹಾರಾಷ್ಟ್ರ ಕೂಗಳತೆಯಲ್ಲಿದ್ದರೂ ಆ ಕಡೆಯಿಂದ ಬರುವುದು ಲಾರಿಗಳು ಮತ್ತು ಬೀಗರು ಮಾತ್ರ. ಆದರೂ ಅಂಥದ್ದೊಂದು ದಾಳಿ ನಡೆದೇಬಿಟ್ಟರೆ ಏನು ಮಾಡಬೇಕೆಂದು ಬಲ್ಲವರು ಇಡೀ ಆಳಂದ ತಾಲ್ಲೂಕಿನಲ್ಲಿ ಒಬ್ಬರೇ ಒಬ್ಬರು, ನಮ್ಮ ಜಗದೇವಪ್ಪನವರು. ಊರಿಗೆ ಅವರ ಬೆಲೆ ತಿಳಿಯಲಿಲ್ಲ. ಅದು ಊರಿನ ತಪ್ಪೇ ಹೊರತು ಅವರದಲ್ಲ. ಇದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ.

ಜಗದೇವಪ್ಪನವರು ತೊಗರಿ, ಜೋಳ ಬೆಳೆಯುವ ಮನುಷ್ಯ. ಸೋಲಾಪುರಕ್ಕೆ ತೊಗರಿ ಹಾಕಲು ಹೋದಾಗ ಅಲ್ಲಿಯ ರದ್ದಿ ಅಂಗಡಿಯ ಮುಂದೆ ಒಂದು ಚೀಲ ಪುಸ್ತಕ ಕಂಡರು. ಯಾರೋ ತೀರಿಕೊಂಡ ದೊಡ್ಡವರ ಮನೆಯಿಂದ ಬಂದದ್ದಂತೆ. ಎಲ್ಲವೂ ಒಂದೇ ವಿಷಯದವು: ಎರಡು ಮಹಾಯುದ್ಧಗಳಲ್ಲಿ ಪೈಲಟ್‌ಗಳು ಆಕಾಶದಲ್ಲಿ ಒಬ್ಬರನ್ನೊಬ್ಬರು ಹೇಗೆ ಬೆನ್ನಟ್ಟಿದರು, ಯಾರು ಮೇಲಿಂದ ಎರಗಿದರು, ಯಾರು ಹೇಗೆ ತಪ್ಪಿಸಿಕೊಂಡರು ಎಂಬುದರ ಇತಿಹಾಸ. ಹೊದಿಕೆಯ ಮೇಲೆಲ್ಲ ವಿಮಾನಗಳು, ಹೊಗೆ, ಕನ್ನಡಕ ಹಾಕಿದ ಗಂಡಸರು. ಜಗದೇವಪ್ಪನವರು ಚೀಲವನ್ನು ಹಾಗೆಯೇ ಹೊತ್ತು ತಂದರು.

"ಚೀಲದಾಗ ಏನದರಿ?" ಎಂದು ಹೆಂಡತಿ ಕಸ್ತೂರಿಬಾಯಿ ಕೇಳಿದರು.

"ಯುದ್ಧ."

"ಮನ್ಯಾಗ ಇರೋದು ಸಾಲಲಿಲ್ಲೇನು?"

ಪುಸ್ತಕಗಳೆಲ್ಲ ಇಂಗ್ಲಿಷಿನವು. ಜಗದೇವಪ್ಪನವರ ಶಾಲೆ ಏಳನೆಯ ಇಯತ್ತೆಗೆ ಮುಗಿದಿತ್ತು. ಆದರೂ ಒಂದು ಮಳೆಗಾಲ ಕಳೆಯುವುದರೊಳಗೆ ಅವರ ಬಾಯಿಂದ ಯುದ್ಧದ ಮಾತು ಸರಾಗವಾಗಿ ಬರತೊಡಗಿತು. ಮನುಷ್ಯ ಇಂಗ್ಲಿಷನ್ನು ಗುಟ್ಟಾಗಿ ಕಲಿತಿದ್ದಾನೆ ಎಂದು ಊರು ತಿಳಿಯಿತು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕೇಳಿದವರ ಮುಂದೆ ಮೀಸೆ ಸವರಿಕೊಂಡರು, ಅಷ್ಟೆ.

"ತೊಗರಿ ಬೆಳೆಯೋರಿಗೆ ವಿಮಾನದ ಪುಸ್ತಕ ಯಾಕರಿ ಬೇಕು?" ಎಂದು ಚಹಾದಂಗಡಿಯ ಶರೀಫಾಬಿ ಒಮ್ಮೆ ಕೇಳಿದಳು.

"ವಿಮಾನ ಹಾರಿಸೋರು ತೊಗರಿ ಬ್ಯಾಳಿ ಉಣ್ಣಂಗಿಲ್ಲೇನು?" ಎಂದರು ಜಗದೇವಪ್ಪನವರು. ಇದಕ್ಕೆ ಉತ್ತರ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಓದಿದ್ದನ್ನು ಬದುಕಿಗೆ ತರದವನು ಓದಿ ಪ್ರಯೋಜನವೇನು? ಹಿಂದೆ ಯಾರಿದ್ದಾರೆಂದು ನೋಡದವನು ಬದುಕುವುದಿಲ್ಲ ಎಂದು ಪುಸ್ತಕ ಹೇಳಿತ್ತು. ಅಂದಿನಿಂದ ಜಗದೇವಪ್ಪನವರು ಮೊಪೆಡ್ಡಿನ ಮೇಲೆ ಕುಳಿತರೆ ಮುಂದೆ ನೋಡುವುದಕ್ಕಿಂತ ಹಿಂದೆ ನೋಡುವುದೇ ಹೆಚ್ಚಾಯಿತು. ಹಿಂದಿನಿಂದ ಯಾರೂ ಬರಲಿಲ್ಲ. ಮುಂದಿನಿಂದ ಪಕ್ಕದ ಹೊಲದ ಸೈದಪ್ಪನ ತಿಪ್ಪೆ ಬಂತು. ತಿಪ್ಪೆಯಿಂದ ಎದ್ದು ಬಂದವರು, "ಪೈಲಟ್ ಜೀವಂತ ಅದಾನ, ಅದು ಮುಖ್ಯ" ಎಂದು ಸ್ನಾನಕ್ಕೆ ಹೋದರು.

ಮೂರು ವಿಮಾನ ಕೂಡಿ ಹೋದರೆ ಒಂದಕ್ಕೊಂದು ಬಡಿಯದಂತೆ ನೋಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ, ಆದ್ದರಿಂದ ಆಮೇಲಿನವರು ಜೋಡಿಯಾಗಿ ಹಾರಿದರು, ಎರಡು ಜೋಡಿ ಸೇರಿದರೆ ಕೈಯ ನಾಲ್ಕು ಬೆರಳಿನಂತೆ ಹರಡಿಕೊಂಡರು ಎಂದೂ ಪುಸ್ತಕದಲ್ಲಿತ್ತು. ಇದನ್ನು ಹೇಳಿದಾಗ ಕಸ್ತೂರಿಬಾಯಿಗೆ ಏನೂ ಅನಿಸಲಿಲ್ಲ. "ಒಳ್ಳೆ ಕೆಲಸಕ್ಕ ಮೂರು ಮಂದಿ ಹೋಗಬಾರದು ಅಂತ ನಮ್ಮತ್ತಿ ಹೇಳ್ತಿದ್ಲು. ಅದಕ್ಕ ಇಷ್ಟು ಮಂದಿ ಸಾಯಬೇಕಿತ್ತೇನು?" ಎಂದರು.

ಇಷ್ಟರಲ್ಲೇ ಇದ್ದಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಆದರೆ ಮಗಳು ಭಾಗ್ಯಜ್ಯೋತಿಯ ಮದುವೆಯ ಮಾತು ನಡೆದಿತ್ತು. ಆಳಂದದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಹುಡುಗಿ. ಹಿಂದಿನ ವರ್ಷ ಜೇವರ್ಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಎದುರಿನವನ ಕಣ್ಣಿಗೆ ಸೂರ್ಯ ಬೀಳುವಂತೆ ನಿಲ್ಲಬೇಕೆಂಬುದು ಆಕಾಶಯುದ್ಧದ ಮೊದಲ ಪಾಠ. ಜಗದೇವಪ್ಪನವರು ಬೀಗರಾಗಬೇಕಿದ್ದವರನ್ನು ಅಂಗಳದಲ್ಲಿ ಬಿಸಿಲಿಗೆ ಮುಖಮಾಡಿಸಿ ಕೂಡಿಸಿದರು. ಅವರು ಕಣ್ಣು ಕಿರಿದು ಮಾಡಿಕೊಂಡೇ ಚಹಾ ಕುಡಿದು, ಹುಡುಗಿಯನ್ನೂ ನೋಡದೆ ಹೋದರು. ಮತ್ತೆ ಬರಲಿಲ್ಲ.

ಈ ಸಲದ ಸಂಬಂಧ ಅಫಜಲಪುರ ತಾಲ್ಲೂಕಿನ ಅತನೂರಿನದ್ದು. ಹುಡುಗ ಮಹೇಶಕುಮಾರ. ಜೋಳ ಹಾಲುಗಟ್ಟಿದಾಗ ಹೊಲಕ್ಕೆ ಸೀತನಿ ತಿನ್ನಲು ಬರುತ್ತೇವೆ, ಅಲ್ಲೇ ಹುಡುಗಿಯನ್ನೂ ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ನಮ್ಮ ಕಡೆ ಇದು ದೊಡ್ಡ ಮರ್ಯಾದೆಯ ಮಾತು. ಸೀತನಿಗೆಂದೇ ಬಿತ್ತಿದ ಸಿಹಿ ಜೋಳದ ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿದ್ದಾಗಲೇ ತಿಕ್ಕಿ ಕಾಳು ತೆಗೆದು, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ಕೊಡಬೇಕು. ಕರೆದು ಕೂಡಿಸಿದ ಮೇಲೆ ತೆನೆ ಇಲ್ಲವೆಂದರೆ ಆ ಮನೆಯ ಮಾತಿಗೆ ಬೆಲೆಯಿಲ್ಲ.

ಜಗದೇವಪ್ಪನವರು ಸೀತನಿ ಜೋಳವನ್ನು ಹೊಲದ ನಡುವೆ ಕೆಲವೇ ಸಾಲು ಹಾಕಿದ್ದರು. ಆ ಸಾಲುಗಳ ರುಚಿ ಬೀಗರಿಗಿಂತ ಮೊದಲು ಗಿಣಿಗಳಿಗೆ ಗೊತ್ತಾಯಿತು. ಮುಂಜಾನೆ ಸೂರ್ಯ ಒಂದು ಮಾರು ಏರುತ್ತಿದ್ದಂತೆ ಮೂಡಲಿನಿಂದ ಹಿಂಡುಹಿಂಡಾಗಿ ಬರುತ್ತಿದ್ದವು. ಬಿಸಿಲಿನ ಝಳದಲ್ಲಿ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸದ್ದು ಕೇಳಿ ಕವಣೆ ಎತ್ತುವಷ್ಟರಲ್ಲಿ ತೆನೆ ಹರಿದು ಹಾರಿರುತ್ತಿದ್ದವು. ಜಗದೇವಪ್ಪನವರು ಪುಸ್ತಕದ ಪೈಲಟ್‌ಗಳಂತೆ ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ ನೋಡಿದರು. ಇದು ಪುಸ್ತಕದಲ್ಲಿದ್ದ ದಾಳಿಯೇ. ಗಿಣಿಗಳು ಓದದೆಯೇ ಪಾಸಾಗಿದ್ದವು.

ಅವತ್ತು ಶರೀಫಾಬಿಯ ಅಂಗಡಿಯಲ್ಲಿ ನಾವೆಲ್ಲ ಇದ್ದೆವು. ಜಗದೇವಪ್ಪನವರು ಬೆಂಚಿನ ಮೇಲೆ ಚಹಾದ ಕಪ್ಪು, ಬಸಿಗಳನ್ನು ಜೋಡಿಸಿ ಯುದ್ಧ ವಿವರಿಸಿದರು.

"ಶತ್ರು ಮೂಡಲ ದಿಕ್ಕಿಗೆ ಅದಾನ. ಮುಂಜಾನಿ ಬೆನ್ನಿಗೆ ಸೂರ್ಯ ಇಟ್ಕೊಂಡು ಬರ್ತಾನ. ತಿಂದು ಹೋದ ಮ್ಯಾಲೇ ನಮಗ ಗೊತ್ತಾಗೋದು. ಇಷ್ಟು ದಿನ ಸುಮ್ನಿದ್ದೆ. ಈ ಸಲ ಮೊದಲ ಏಟು ನಂದು."

ಶತ್ರು ಯಾರೆಂದು ಅವರು ಹೇಳಲಿಲ್ಲ. ಗಿಣಿ ಎಂದು ಒಂದೇ ಒಂದು ಸಲ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡು ಮಹಾಯುದ್ಧ ಮುಗಿಸಿ ಬಂದ ಬಾಯಲ್ಲಿ ಗಿಣಿ ಎಂಬ ಮಾತು ಬರುವುದು ಹೇಗೆ?

ಅವರ ಹೊಲದ ಮೂಡಲಿಗೆ ಇದ್ದದ್ದು ಸೈದಪ್ಪನ ಹೊಲ. ಸೈದಪ್ಪ ಅಲ್ಲೇ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನು ಎರಡು ಬಿತ್ತನೆಗೆ ಒಂದು ಸಲದಂತೆ ಬದುವನ್ನು ಜಗದೇವಪ್ಪನವರ ಕಡೆಗೆ ಸ್ವಲ್ಪ ಸ್ವಲ್ಪ ಸರಿಸುತ್ತ ಬಂದಿದ್ದ. ತಾನು ಮಾಡಿದ್ದು ತನಗೆ ಗೊತ್ತಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಮರುದಿನ ಜಗದೇವಪ್ಪನವರು ಹಕ್ಕಿ ಕಾಯುವ ಅಟ್ಟವನ್ನು ಹೊಲದ ನಡುವಿನಿಂದ ಕಿತ್ತು ಸೈದಪ್ಪನ ಬದುವಿನ ಮೇಲೆಯೇ ನಿಲ್ಲಿಸಿದರು. ಎತ್ತರ ಇದ್ದವನದೇ ಮೇಲುಗೈ, ಸೂರ್ಯ ತಮ್ಮ ಬೆನ್ನಿಗಿರಬೇಕು ಎಂಬುದು ಲೆಕ್ಕ. ಅದರ ಮೇಲೆ ನಿಂತು ಕವಣೆ ತಿರುವಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೂಡಲಿಗೆ ಹಿಡಿದರು. ಹೆಬ್ಬೆರಳ ನೇರಕ್ಕೆ ಸೈದಪ್ಪ ನೀರು ಹಾಯಿಸುತ್ತಿದ್ದ. ಅಂದಿನಿಂದ ಅವನು ಕಬ್ಬಿಣದ ಬುಟ್ಟಿಯನ್ನು ತಲೆಗೆ ಬೋರಲು ಹಾಕಿಕೊಂಡೇ ಹೊಲಕ್ಕೆ ಹೋಗತೊಡಗಿದ.

ಕಸ್ತೂರಿಬಾಯಿಗೆ ಎಲ್ಲವೂ ತಿಳಿದಿತ್ತು. "ಸೈದಪ್ಪಗ ಖರೇ ಹೇಳಬಾರದೇನವ್ವ?" ಎಂದು ಮಗಳು ಕೇಳಿದರೆ, "ಸುಮ್ನಿರು. ಸರಿಸಿದ ಬದು ಮೊದಲಿನ ಜಾಗಕ್ಕ ಬಂದದ. ಇನ್ನೊಂದು ನಾಕು ದಿನ ಹೆದರ್ಲಿ" ಎಂದರು.

ನಾಲ್ಕು ದಿನ ಕಾಯುವ ಧೈರ್ಯ ಸೈದಪ್ಪನಿಗೆ ಇರಲಿಲ್ಲ. ಪೊಲೀಸರಿಗೆ ಹೇಳಿದ. ಹೆಡ್ ಕಾನ್‌ಸ್ಟೇಬಲ್ ಅರ್ಫಾತ ಸಾಹೇಬರು ಬಂದರು. ಮಿದು ಮನುಷ್ಯ, ಆದರೆ ಗಡಿಯ ಊರಿನಲ್ಲಿ ವಿಮಾನ, ದಾಳಿ ಎಂಬ ಮಾತು ಕೇಳಿ ಅವರಿಗೂ ನಿದ್ದೆ ಬಂದಿರಲಿಲ್ಲ. ಜಗದೇವಪ್ಪನವರ ಕಟ್ಟೆಯ ಮೇಲೆ ಕೂತು ವಿಚಾರಣೆ ಶುರುಮಾಡಿದರು. ಸೈದಪ್ಪ ಪಕ್ಕದಲ್ಲೇ ನಿಂತಿದ್ದ. ನಾವು ಸುತ್ತ ನಿಂತಿದ್ದೆವು.

"ವಿಮಾನ ಎಲ್ಲಿ ಇಟ್ಟೀರಿ, ಜಗದೇವಪ್ಪನವರ?"

"ಪುಸ್ತಕದಾಗ ಅದಾವ್ರಿ. ಒಳಗ ಬಂದು ನೋಡ್ರಿ."

"ದಾಳಿ ಮಾಡೋರು ಅದೀರಂತಲ್ಲ. ಯಾವಾಗ?"

"ಸೂರ್ಯ ಏರಿದ ಕೂಡಲೇ. ಆ ಹೊತ್ತಿನ್ಯಾಗ ಶತ್ರು ಹಸಿದಿರ್ತಾನ."

ಸೈದಪ್ಪ ಸಾಹೇಬರ ತೋಳು ಹಿಡಿದ. "ನೋಡ್ರಿ ಸಾಹೇಬ್ರ, ನಾ ಮುಂಜಾನಿ ಏನೂ ತಿನ್ನಂಗಿಲ್ಲ ಅನ್ನೋದೂ ಗೊತ್ತದ ಇವ್ರಿಗೆ."

"ನೀ ಸಬರ್ ಮಾಡಪ್ಪ. ಶತ್ರುಗಳು ಎಷ್ಟು ಮಂದಿ ಅದಾರ?"

"ಒಮ್ಮೊಮ್ಮೆ ಇನ್ನೂರು, ಒಮ್ಮೊಮ್ಮೆ ಮುನ್ನೂರು."

ಸಾಹೇಬರು ಸೈದಪ್ಪನ ಕಡೆ ತಿರುಗಿದರು. "ನಿಮ್ಮನ್ಯಾಗ ಎಷ್ಟು ಮಂದಿ?"

"ಐದೇ ಮಂದಿ ಸಾಹೇಬ್ರ. ಬೀಗರು ಬಂದಾಗ ಸ್ವಲ್ಪ ಹೆಚ್ಚಾಗ್ತದ."

"ನೋಡಾಕ ಹೆಂಗ ಇರ್ತಾನ್ರಿ ಶತ್ರು?"

ಜಗದೇವಪ್ಪನವರು ಕಣ್ಣು ಕಿರಿದು ಮಾಡಿದರು. "ಮೈ ಹಸಿರು. ಬಾಯಿ ಕೆಂಪು. ಒಂದ ಸಮ ಒದರ್ತಿರ್ತಾನ."

ಎಲ್ಲರೂ ಸೈದಪ್ಪನನ್ನು ನೋಡಿದೆವು. ಅವತ್ತು ಅವನು ಹಸಿರು ಅಂಗಿ ತೊಟ್ಟಿದ್ದ, ಬಾಯಿ ತುಂಬ ಎಲೆಅಡಿಕೆ. ಒದರುವುದಂತೂ ಹುಟ್ಟಿನಿಂದ ಬಂದದ್ದು. ಅವನು ಅಲ್ಲೇ ಗೋಡೆಗೆ ಆತುಕೊಂಡು ಕೂತುಬಿಟ್ಟ.

ಮೇಲಿನವರಿಗೆ ಏನೆಂದು ತಿಳಿಸಬೇಕೆಂದು ಅರ್ಫಾತ ಸಾಹೇಬರಿಗೆ ಹೊಳೆಯಲಿಲ್ಲ. "ಊರ ಹಿರ್ಯಾರು ಕೂತು ಬಗಿಹರಿಸ್ಕೋರಿ. ಇದು ನನ್ನ ಕಾಯ್ದೆ ಒಳಗ ಬರಂಗಿಲ್ಲ" ಎಂದು ಬೈಕು ಹತ್ತಿದರು.

ಸಂಜೆ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಹಿರಿಯರು ಸೇರಿದರು. ತೀರ್ಮಾನ ಮೊದಲೇ ಆಗಿತ್ತು. ನಡುವೆ ಒಂದು ತಟ್ಟೆಯಲ್ಲಿ ವಿಭೂತಿ ಇತ್ತು. ಹಿರಿಯರಲ್ಲಿ ಒಬ್ಬರು ಅದನ್ನು ಮುಂದಕ್ಕೆ ಸರಿಸಿದರು.

"ಜಗದೇವಪ್ಪ, ವಿಭೂತಿ ಮುಟ್ಟಿ ಆಣಿ ಮಾಡು. ಇನ್ನು ಆ ಪುಸ್ತಕ ತೆಗೆಯಂಗಿಲ್ಲ ಅನ್ನು. ಇಲ್ಲಂದ್ರ ಆದಿತ್ಯವಾರ ಅತನೂರಿನವ್ರು ಬರ್ತಾರ, ಅವ್ರು ಕೇಳಿದ್ರ ನಾವು ಸುಳ್ಳು ಹೇಳಂಗಿಲ್ಲ. ತಲಿ ಸರಿ ಇಲ್ಲ ಅಂತೀವಿ."

ಎಲ್ಲರ ಮನಸ್ಸಿನಲ್ಲೂ ಜೇವರ್ಗಿಯವರು ತಿರುಗಿಹೋದ ನೆನಪು ಇತ್ತು. ಜಗದೇವಪ್ಪನವರ ಕೈ ತಟ್ಟೆಯ ತನಕ ಹೋಗಿ ತಡೆದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಆ ಕೈ ಒಂದು ಚಿಟಿಕೆ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡಿತು.

"ಇದು ಹಚ್ಕೊಳ್ಳಾಕ ಇರೋದು. ಓದಬ್ಯಾಡ ಅನ್ನಾಕ ಇರೋದಲ್ಲ. ಹೇಳ್ರಿ, ಏನು ಹೇಳ್ತೀರಿ ಹೇಳ್ರಿ" ಎಂದು ಎದ್ದರು.

ಗುಂಪಿನ ಹಿಂದಿನಿಂದ ಯಾರೋ, "ಹುಚ್ಚು ಹಿಡದದ" ಎಂದರು. ಹೆಂಗಸರ ನಡುವೆ ನಿಂತಿದ್ದ ಕಸ್ತೂರಿಬಾಯಿ ಅತ್ತ ತಿರುಗಿದರು. "ಯಾರದು? ಇವ್ರನ್ನ ಹುಚ್ಚ ಅನ್ನೋದು ನನ್ನ ಕೆಲಸ. ಇಷ್ಟು ವರ್ಷ ಮಾಡೇನಿ, ಇನ್ನೂ ಮಾಡ್ತೇನಿ. ನಿಮ್ಮ ಮದತ್ತು ಬೇಕಾಗಿಲ್ಲ." ಆಮೇಲೆ ಮನೆಗೆ ಹೋಗಿ ಅದನ್ನು ಮನಸಾರೆ ಮಾಡಿದರು. ಬೀದಿಯ ಕೊನೆಯವರೆಗೂ ಕೇಳಿಸಿತು.

ಆದಿತ್ಯವಾರ ಮುಂಜಾನೆ ಅತನೂರಿನವರು ಎರಡು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಹುಡುಗ, ಅವನ ಅಪ್ಪ, ಅವ್ವ, ಅಜ್ಜಿ. ಎರಡು ಜೋಡಿ, ನಾಲ್ವರು. ಜಗದೇವಪ್ಪನವರಿಗೆ ನಾಲ್ಕು ಬೆರಳು ನೆನಪಾಯಿತು. ಏನೋ ಹೇಳಲು ಬಾಯಿ ತೆರೆದರು. ಕಸ್ತೂರಿಬಾಯಿ ನೋಡಿದ ನೋಟಕ್ಕೆ ಮುಚ್ಚಿದರು.

ಬೇವಿನ ಮರದ ಹತ್ತಿರ ಜಮಖಾನೆ ಹಾಸಿತ್ತು. ತೆನೆ ಸುಡಲು ನಾವೂ ಒಂದಿಬ್ಬರು ಹೋಗಿದ್ದೆವು. ಈ ಸಲ ಬೀಗರನ್ನು ಸೂರ್ಯನಿಗೆ ಬೆನ್ನು ಮಾಡಿಸಿ ಕೂಡಿಸಲಾಯಿತು, ಕಸ್ತೂರಿಬಾಯಿಯ ಅಪ್ಪಣೆ. ಜಗದೇವಪ್ಪನವರು ಎದುರಿಗೆ ಕೂತರು, ಬಿಸಿಲು ನೇರ ಕಣ್ಣಿಗೆ. ಆಕಾಶದ ಎರಡು ಮಹಾಯುದ್ಧ ಬಲ್ಲ ಮನುಷ್ಯ ಮಗಳಿಗಾಗಿ ಏನೂ ಕಾಣದೆ ಕೂತಿದ್ದರು. ಇದಕ್ಕಿಂತ ದೊಡ್ಡ ಶರಣಾಗತಿಯನ್ನು ನಾನು ಕಂಡಿಲ್ಲ.

ತೆನೆ ಬೆಂದ ವಾಸನೆಗೆ ಸೈದಪ್ಪ ಬಂದ. ಸೀತನಿಯ ಹತ್ತಿರ ಬಂದವರನ್ನು ಹೋಗೆನ್ನುವ ಪದ್ಧತಿ ನಮ್ಮಲ್ಲಿಲ್ಲ.

"ನೀ ಯಾರಪ್ಪ?" ಎಂದು ಹುಡುಗನ ಅಜ್ಜಿ ಕೇಳಿದರು.

"ನಾ ಇವ್ರ ಶತ್ರು ರೀ, ಆಯಿ."

"ಹಂಗೇನು? ಕೂಡು, ಬಿಸಿ ಅದಾವ, ತಿನ್ನು."

ಸೈದಪ್ಪ ಕೂತ. ಮೊದಲ ಮುಕ್ಕಿಗೇ ಎಲ್ಲವನ್ನೂ ಹೇಳಿದ. ಪುಸ್ತಕದ ಚೀಲ, ಬದುವಿನ ಮೇಲಿನ ಅಟ್ಟ, ಕಟ್ಟೆಯಲ್ಲಿ ಮಾಡದೆ ಬಿಟ್ಟ ಆಣೆ, ಒಂದನ್ನೂ ಬಿಡಲಿಲ್ಲ. ಹುಡುಗನ ಅಪ್ಪ ಕೈಯಲ್ಲಿದ್ದ ಕಾಳನ್ನು ತಟ್ಟೆಗೆ ಹಾಕಿದರು.

"ಖರೇ ಏನ್ರಿ ಇದು?"

ಅಲ್ಲ ಎಂದರೆ ಮುಗಿಯುತ್ತಿತ್ತು.

"ಓದೋದು ಖರೇ ಅದರಿ. ಇನ್ನೂ ಓದ್ತೇನಿ" ಎಂದರು ಜಗದೇವಪ್ಪನವರು.

"ಬಿಡ್ತೇನಿ ಅನ್ರಿ, ಮಾತು ಮುಂದುವರಸೋಣ. ನಾಳಿ ನಮ್ಮೂರಾಗ ನಗ್ತಾರ. ಇಲ್ಲಾಂದ್ರ..."

ಅವರ ಮಾತು ಮುಗಿಯಲಿಲ್ಲ. ಮೊಸರಿನ ಬಟ್ಟಲು ಹಿಡಿದು ನಿಂತಿದ್ದ ಭಾಗ್ಯಜ್ಯೋತಿ ಬಲಗೈಯ ಹೆಬ್ಬೆರಳೆತ್ತಿ ಸೂರ್ಯನನ್ನು ಮುಚ್ಚಿದಳು. "ಅಪ್ಪಾ, ಮೂಡಲಕ್ಕ. ಮ್ಯಾಲ" ಎಂದಳು. ಬಟ್ಟಲನ್ನು ಮಹೇಶಕುಮಾರನ ಕೈಗೆ ಕೊಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೇವಿನ ಕೊಂಬೆಗೆ ತೂಗುಹಾಕಿದ್ದ ಕವಣೆ ಕಿತ್ತುಕೊಂಡು ಸಾಲಿನೊಳಗೆ ನುಗ್ಗಿದಳು. ಜಗದೇವಪ್ಪನವರು ಧೋತರ ಎತ್ತಿ ಅಟ್ಟಕ್ಕೆ ಓಡಿದರು.

ಗಿಣಿಗಳು ಬಿಸಿಲಿನೊಳಗಿಂದ ಸುರಿದವು. ಭಾಗ್ಯಜ್ಯೋತಿ ಅವು ಇದ್ದಲ್ಲಿಗೆ ಹೊಡೆಯಲಿಲ್ಲ, ಹೋಗಲಿದ್ದಲ್ಲಿಗೆ ಹೊಡೆದಳು. ಕವಣೆಯ ಹಗ್ಗ ಫಟ್ಟೆಂದಿತು, ಮಣ್ಣಿನ ಉಂಡೆ ಹಿಂಡಿನ ಮುಂದೆಯೇ ಸೀಳಿ ಹೋಯಿತು. ಹಿಂಡು ಗಕ್ಕನೆ ತಿರುಗಿತು. ತಿರುಗಿದ ಕಡೆ ಎತ್ತರದಲ್ಲಿ ಜಗದೇವಪ್ಪನವರು ನಿಂತಿದ್ದರು, ಬೆನ್ನಿಗೆ ಸೂರ್ಯ. ಅಪ್ಪ ಬೆದರಿಸಿದರೆ ಮಗಳ ಕಡೆ, ಮಗಳು ಬೆದರಿಸಿದರೆ ಅಪ್ಪನ ಕಡೆ. ಜೋಡಿ ಎಂದರೆ ಏನೆಂದು ಖಜೂರಿ ಅವತ್ತು ಕಂಡಿತು. ಕೊನೆಗೆ ಇಡೀ ಹಿಂಡು ಬದು ದಾಟಿ ಸೈದಪ್ಪನ ಜೋಳದಲ್ಲಿ ಇಳಿದು ಊಟಕ್ಕೆ ಕೂತಿತು.

ಸೈದಪ್ಪ ಬಾಯಿ ತುಂಬ ಸೀತನಿ ಇಟ್ಟುಕೊಂಡು ಎದ್ದು ನಿಂತ.

"ಮೈ ಹಸಿರು, ಬಾಯಿ ಕೆಂಪು" ಎಂದ ಮೆಲ್ಲಗೆ. "ಅಂದ್ರ ಗಿಣಿ ಏನು, ಜಗದೇವಣ್ಣ?"

ಇಷ್ಟು ದಿನದ ಯುದ್ಧಕ್ಕೆ ಇಷ್ಟು ಸಣ್ಣ ಹೆಸರಿಟ್ಟದ್ದು ಜಗದೇವಪ್ಪನವರಿಗೆ ನೋವಾಯಿತು. "ಹಂಗೂ ಅನ್ನಬಹುದು" ಎಂದರು ಅಟ್ಟದ ಮೇಲಿಂದ. "ನಿನಗ ಯಾರು ಶತ್ರು ಅಂದಾರ? ನಿನಗ ಅಷ್ಟು ಎತ್ತರ ಹಾರಾಕ ಬರ್ತದೇನು?"

ಸೈದಪ್ಪ ತನ್ನ ಹೊಲದ ಕಡೆ ಓಡಿದ. ಅವನಿಗೆ ಜೋಡಿ ಇರಲಿಲ್ಲ, ಎತ್ತರ ಇರಲಿಲ್ಲ, ಸೂರ್ಯ ಕಣ್ಣಿಗೇ ಹೊಡೆಯುತ್ತಿತ್ತು. ಪುಸ್ತಕದ ಪ್ರಕಾರ ಅವನು ಮೂರು ಸಲ ಸತ್ತಂತೆ.

ಭಾಗ್ಯಜ್ಯೋತಿ ತಿರುಗಿ ಬಂದಳು. ತಲೆಯ ತುಂಬ ಜೋಳದ ಹೂವು, ಸೀರೆಗೆಲ್ಲ ಮಣ್ಣು. ಹುಡುಗನ ಅಪ್ಪ ಯಾವ ಮುಖ ಮಾಡಬೇಕೆಂದು ತಿಳಿಯದೆ ಕೂತಿದ್ದರು. ಅವರು ಮಾತಾಡುವ ಮೊದಲು ಅವಳೇ ಮಾತಾಡಿದಳು.

"ಮಾವಾರ, ಅಪ್ಪಗ ಇಂಗ್ಲಿಷ್ ಬರಂಗಿಲ್ಲ. ಆ ಪುಸ್ತಕ ಓದಾಕಿ ನಾನು. ಓದಿ ಹೇಳಾಕಿನೂ ನಾನು. ನನ್ನ ಹೆಸರು ಬಂದ್ರ ಮಂದಿ ಆಡ್ಕೋತಾರಂತ ಅಪ್ಪ ತಾನ ಓದ್ತೇನಿ ಅಂತ ಹೊತ್ಕೊಂಡಾನ. ಬಿಡಬೇಕಂದ್ರ ನಾ ಬಿಡಬೇಕು. ನಾ ಬಿಡಂಗಿಲ್ಲ. ನಗೋರು ನಗ್ಲಿ."

ಅಟ್ಟದಿಂದ ಇಳಿಯುತ್ತಿದ್ದ ಜಗದೇವಪ್ಪನವರು ಏಣಿಯ ಅರ್ಧದಲ್ಲೇ ನಿಂತರು. ಕಟ್ಟೆಯಲ್ಲಿ ವಿಭೂತಿಯ ಮುಂದೆ ತಡೆದ ಕೈ ಯಾರಿಗಾಗಿ ತಡೆದಿತ್ತು ಎಂದು ನನಗೆ ಆಗ ತಿಳಿಯಿತು. ಮಗಳ ಓದನ್ನು ಬಿಡಿಸುವ ಆಣೆಯನ್ನು ಆ ಮನುಷ್ಯ ಮಾಡುವುದು ಸಾಧ್ಯವೇ ಇರಲಿಲ್ಲ. ಇಂಗ್ಲಿಷ್ ಬರುತ್ತದೆಂದು ಮೀಸೆ ಸವರಿದ್ದು ಮಾತ್ರ ಅವರ ಸ್ವಂತ ಸಂತೋಷಕ್ಕೆ ಇರಬೇಕು. ಅದನ್ನು ನಾವು ಮನ್ನಿಸಿದ್ದೇವೆ.

ಮೊಸರಿನ ಬಟ್ಟಲು ಹಿಡಿದುಕೊಂಡೇ ಕೂತಿದ್ದ ಮಹೇಶಕುಮಾರ ಅವತ್ತು ಮೊದಲ ಸಲ ಬಾಯಿ ಬಿಟ್ಟ.

"ಬಿಸಿಲಿದ್ದಾಗ ಹೆಬ್ಬೆರಳು ಸರಿ. ಮಂಜು ಬಿದ್ದಾಗ ಏನು ಮಾಡ್ತೀರಿ?"

"ಅದು ದಪ್ಪನೆ ಪುಸ್ತಕದಾಗ ಅದರಿ. ಇನ್ನೂ ಅಲ್ಲೀತನ ಬಂದಿಲ್ಲ" ಎಂದಳು ಭಾಗ್ಯಜ್ಯೋತಿ.

"ಬರೋವಾಗ ಅದನ್ನ ತೊಗೊಂಡು ಬರ್ರಿ. ಭೀಮಾ ಹೊಳಿ ದಂಡಿಗೆ ನಮ್ಮಲ್ಲಿ ಮಂಜು ಭಾಳ."

ಹುಡುಗನ ಅಪ್ಪ ತಮ್ಮ ತಾಯಿಯ ಮುಖ ನೋಡಿದರು. ಅಜ್ಜಿ ಅಂಗೈಯಲ್ಲಿದ್ದ ಕಾಳು ಮುಕ್ಕಿ, ನಿಧಾನವಾಗಿ ಅಗಿದು, "ಪುಸ್ತಕ ತರ್ತಾಳಂತ. ಇನ್ನ ನೀ ಏನು ಕೇಳಾಂವ? ಬೆಲ್ಲ ಹಂಚ್ರಿ" ಎಂದರು. ಸಂಬಂಧ ಕೂಡಿತು.

ಮೂರನೆಯ ದಿನ ಸೈದಪ್ಪ ಗುಡಿಯ ಕಟ್ಟೆಗೆ ಬಂದ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಹೊಲದಲ್ಲಿ ತೆನೆಯೂ ಹೆಚ್ಚು ಉಳಿದಿರಲಿಲ್ಲ. ಹಿರಿಯರೆಲ್ಲ ಇದ್ದರು.

"ಜಗದೇವಣ್ಣ, ನಿಮ್ಮ ಹೊಲದ ಹಕ್ಕಿ ಎಲ್ಲಾ ನನಗ ಬಂದಾವ. ಒಂದು ಪುಸ್ತಕ ಕೊಡ್ರಿ. ಸಣ್ಣದಿದ್ರೂ ನಡೀತದ. ಚಿತ್ರ ಇರಲಿ. ಓದೋದು ನಮ್ಮ ಸೊಸಿ ಓದ್ತಾಳ."

ಜಗದೇವಪ್ಪನವರು ಮನೆಗೆ ಹೋಗಿ ಒಂದು ಪುಸ್ತಕ ತಂದರು. ಕೊಡುವ ಮೊದಲು ಗುಡಿಯೊಳಗಿನ ವಿಭೂತಿಯ ತಟ್ಟೆಯನ್ನೂ ತಂದು ಹಿರಿಯರೆಲ್ಲರ ನಡುವೆ ಇಟ್ಟರು.

"ಮುಟ್ಟಿ ಆಣಿ ಮಾಡು, ಸೈದಪ್ಪ. ಕಡೀತನ ಓದ್ತೇನಿ ಅನ್ನು. ನಡುವ ಬಿಡಂಗಿಲ್ಲ ಅನ್ನು."

ಸೈದಪ್ಪ ಮುಟ್ಟಿದ. ಹಿರಿಯರು ಗುಡಿಯ ಗೋಪುರ ನೋಡುತ್ತ ಕೂತರು.

ಆ ವಾರವೇ ಬದುವಿನ ಆಚೆಗೆ ಎರಡನೆಯ ಅಟ್ಟ ಎದ್ದಿತು, ಜಗದೇವಪ್ಪನವರದಕ್ಕಿಂತ ಒಂದು ಮೊಳ ಎತ್ತರ. ಅದರ ಮೇಲೆ ಸೈದಪ್ಪ, ಕೆಳಗೆ ಅವನ ಸೊಸೆ, ಇಬ್ಬರ ಕೈಯಲ್ಲೂ ಕವಣೆ. ಮುಂಜಾನೆಯ ಹಿಂಡು ಅವರಿಬ್ಬರ ನಡುವೆ ಸಿಕ್ಕಿ, ತಿರುಗಿ, ಬದು ದಾಟಿ ಜಗದೇವಪ್ಪನವರ ಜೋಳದ ಮೇಲೆ ಎರಗಿತು. ಜಗದೇವಪ್ಪನವರು ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ ನೋಡಿದರು. ಆ ಕಡೆಯಿಂದ ಸೈದಪ್ಪ ಹಲ್ಲು ಬಿಡುತ್ತಿದ್ದ. ಅವರ ಮುಖದ ಮೇಲೆ ಅಂಥ ಸಂತೋಷವನ್ನು ಮಗಳ ಸಂಬಂಧ ಕೂಡಿದ ದಿನವೂ ನಾನು ನೋಡಿರಲಿಲ್ಲ.

"ಜ್ಯೋತಿ, ಕವಣಿ ತೊಗೊಂಡು ಬಾ" ಎಂದು ಕೂಗಿದರು. "ಶತ್ರು ಮೂಡಲ ದಿಕ್ಕಿಗೆ ಅದಾನ."

ಈ ಸಲ ಆ ಮಾತಿನಲ್ಲಿ ತಪ್ಪು ತಿಳಿಯಲು ಏನೂ ಇರಲಿಲ್ಲ.